ಆಷಾಢದ ಬಿಲ್ ತೋರಿಸಿ ‘ಉಳಿತಾಯ’ ಅಂದರು, 38,359 ರೂಪಾಯಿ ವಸೂಲಿ ಮಾಡಿದರು

ಕಲ್ಯಾಣ ಮಂಟಪ, ಲಾಡ್ಜ್, ಹಾಸ್ಟೆಲ್, ಸಮುದಾಯ ಭವನ ನೋಡಿಕೊಳ್ಳುವವರು ದಯವಿಟ್ಟು ಓದಿ. ‘ನೀವು ಒಂದು ಪೈಸೆ ಹಾಕಬೇಡಿ, ಕರೆಂಟ್ ಬಿಲ್ ನಾವು ಇಳಿಸ್ತೀವಿ, ಉಳಿದಿದ್ದರಲ್ಲಿ ಪಾಲು ಕೊಡಿ ಸಾಕು’ ಅಂತ ಯಾರಾದರೂ ಬಂದಿದ್ದರೆ, ಸಹಿ ಹಾಕುವ ಮುಂಚೆ ಓದಿ. ನಾನು ಹಾಕಿದ ಮೇಲೆ ಓದಿದೆ.

ರಾಯಚೂರಿನಲ್ಲಿ ನಮ್ಮ ಸಂಘದ ಕಲ್ಯಾಣ ಮಂಟಪಕ್ಕೆ ನಾನು ಕಾರ್ಯದರ್ಶಿ. ಮೇಲೆ ಮದುವೆ ಹಾಲ್, ಕೆಳಗೆ ಊಟದ ಹಾಲ್, ಬೀಗರಿಗೆ ಆರು ಎಸಿ ರೂಮು. ಮಂಜೂರಾದ ಲೋಡ್ 40 ಕಿಲೋವ್ಯಾಟ್. ನಮ್ಮೂರ ಬಿಸಿಲು ಗೊತ್ತಲ್ವಾ? ಮದುವೆ ಸೀಸನ್ನೂ ಬಿಸಿಲೂ ಒಟ್ಟಿಗೇ ಬರುತ್ತವೆ. 2025ರ ಏಪ್ರಿಲ್ 30ಕ್ಕೆ ಅಕ್ಷಯ ತೃತೀಯ, ಅದರ ಹಿಂದೆ ಮುಂದೆ ಹಾಲ್ ಒಂದು ದಿನವೂ ಖಾಲಿ ಇರಲಿಲ್ಲ. ಅದೇ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ–ಗ್ರಾಚ್ಯುಟಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಬೇರೆ ಸೇರಿತ್ತು. ಬಿಲ್ ನೋಡಿ ಸಮಿತಿಯವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಅಂಥ ಹೊತ್ತಿನಲ್ಲೇ ಆ ಕಂಪನಿಯ ಹುಡುಗ ಬಂದ. ‘ಸರ್, ಶಕ್ತಿನಗರದ ಕರೆಂಟ್ ತಯಾರಿಸೋ ಸ್ಥಾವರ ಪಕ್ಕದಲ್ಲೇ ಇದ್ದರೂ ಕಲ್ಲಿದ್ದಲು ದರ ಏರಿದರೆ ನಿಮ್ಮ ಬಿಲ್ಲೂ ಏರುತ್ತೆ. ದರ ನಮ್ಮ ಕೈಲಿಲ್ಲ, ಯೂನಿಟ್ ನಮ್ಮ ಕೈಲಿದೆ’ ಅಂದ. ಮಾತು ಸರಿಯಾಗಿಯೇ ಇತ್ತು. ಇಂಧನ ಹೊಂದಾಣಿಕೆ ಶುಲ್ಕ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರಲ್ಲ, ನಾನೇ ನೋಡಿದ್ದೆ. ಹೊಸ ಫ್ಯಾನ್, ಎಲ್‌ಇಡಿ ಟ್ಯೂಬ್ ಎಲ್ಲ ಅವರದೇ ಖರ್ಚು. ಉಳಿತಾಯದಲ್ಲಿ 60 ಪಾಲು ಅವರಿಗೆ, 40 ನಮಗೆ, ಐದು ವರ್ಷ. ಜೂನ್ ಮೊದಲ ವಾರ ಸಹಿ ಹಾಕಿದೆ.

ಫ್ಯಾನ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಳೆ ಫ್ಯಾನ್ 75 ವ್ಯಾಟ್ ಎಳೆಯುತ್ತಿತ್ತು, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಹತ್ತಿರ. ಸಾಮಾನು ಒಳ್ಳೆಯದೇ. ಮೋಸ ಇರೋದು ಲೆಕ್ಕದಲ್ಲಿ.

ಜುಲೈ ತಿಂಗಳ ಜೆಸ್ಕಾಂ (ನಮ್ಮ ಕಡೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ) ಬಿಲ್ ಬಂತು. 1,900 ಯೂನಿಟ್, 23,940 ರೂಪಾಯಿ. ಖುಷಿಯಾಯಿತು. ನಾಲ್ಕು ದಿನಕ್ಕೆ ಫ್ಯಾನ್ ಹಾಕಿದ ಕಂಪನಿಯ ಬಿಲ್ ಬಂತು. 38,359 ರೂಪಾಯಿ. ಕರೆಂಟಿಗೇ 23,940. ಕರೆಂಟ್ ‘ಉಳಿಸಿದ್ದಕ್ಕೆ’ 38,359! ತಡವಾದರೆ ಬಡ್ಡಿ ಅಂತ ಬರೆದಿತ್ತು. ಸಮಿತಿಗೆ ತೋರಿಸದೆ ಚೆಕ್ ಕೊಟ್ಟುಬಿಟ್ಟೆ. ನನ್ನ ತಪ್ಪು, ಒಪ್ಪುತ್ತೇನೆ.

ತಿಂಗಳ ಸಭೆಯಲ್ಲಿ ನಮ್ಮ ಹಿರಿಯ ಕಾಕಾ ಒಬ್ಬರು ಎರಡೂ ಬಿಲ್ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರು: ‘ತಮ್ಮಾ, ಆಷಾಢದಾಗ ಮದುವಿ ಎಲ್ಲಿ ಆಗ್ತಾವಪ್ಪ? ಹಾಲ್‌ಗೆ ಬೀಗ ಹಾಕಿತ್ತಲ್ಲ. ಇದರಾಗ ಇವರು ಉಳಿಸಿದ್ದೇನು?’

ನನಗೆ ಉಸಿರೇ ನಿಂತಂತಾಯಿತು. ಜೂನ್ 26ರಿಂದ ಜುಲೈ 24ರವರೆಗೆ ಆಷಾಢ. ಹದಿನೈದು ಜನರ ಮುಂದೆ ಉತ್ತರ ಇರಲಿಲ್ಲ.

ಮನೆಗೆ ಬಂದು ಅಗ್ರಿಮೆಂಟ್ ತೆಗೆದೆ. ‘ಬೇಸ್‌ಲೈನ್’, ಅಂದರೆ ಉಳಿತಾಯ ಅಳೆಯೋಕೆ ಹೋಲಿಸುವ ಹಳೆ ಬಳಕೆ, ಅಂತ ಹಿಡಿದಿದ್ದು ಮಾರ್ಚ್, ಏಪ್ರಿಲ್, ಮೇ. 4,900, 6,800, 6,900 ಯೂನಿಟ್. ಸರಾಸರಿ 6,200. ಅದರಲ್ಲಿ 1,900 ಕಳೆದು 4,300 ಯೂನಿಟ್ ಉಳಿತಾಯ ಅಂತೆ. ಹಿಂದಿನ ವರ್ಷದ ಜುಲೈ ಬಿಲ್ ಹುಡುಕಿದೆ. ಆಗಲೂ ಆಷಾಢವೇ, ಹಳೆ ಫ್ಯಾನ್, ಹಳೆ ಟ್ಯೂಬ್. 2,240 ಯೂನಿಟ್. ಅಂದರೆ ನಿಜವಾಗಿ ಉಳಿದಿದ್ದು 340!

ದರದಲ್ಲಿ ಇನ್ನೊಂದು ಆಟ. 23,940ನ್ನು 1,900ರಿಂದ ಭಾಗಿಸಿ ಯೂನಿಟ್‌ಗೆ 12.60 ಅಂತ ಹಿಡಿದಿದ್ದಾರೆ. ಅದರಲ್ಲಿ ಫಿಕ್ಸೆಡ್ ಚಾರ್ಜ್ ಸೇರಿದೆ. ಫಿಕ್ಸೆಡ್ ಚಾರ್ಜ್ ಲೋಡ್ ಮೇಲೆ ಬರುವಂಥದ್ದು, ಹಾಲ್ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಯಾವ ಫ್ಯಾನ್ ಹಾಕಿದರೂ ಅದು ಉಳಿಯಲ್ಲ. ಹಾಲ್ ಖಾಲಿ ಇದ್ದಷ್ಟೂ ಯೂನಿಟ್ ಕಮ್ಮಿ, ಯೂನಿಟ್ ಕಮ್ಮಿಯಾದಷ್ಟೂ ಇವರ ಲೆಕ್ಕದ ದರ ಜಾಸ್ತಿ. 4,300 ಗುಣಿಸು 12.60 ಅಂದರೆ 54,180. ಅದರ 60 ಪಾಲು 32,508, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 340 ಯೂನಿಟ್‌ಗೆ 8 ರೂಪಾಯಿಯಂತೆ ಹಿಡಿದರೆ ಒಟ್ಟು ಉಳಿತಾಯವೇ 2,720 ರೂಪಾಯಿ. 2,720ಕ್ಕೆ 38,359 ಕೊಟ್ಟಿದ್ದೇನೆ.

ಕಂಪನಿಯ ಹುಡುಗನಿಗೆ ಫೋನ್ ಮಾಡಿದೆ. ‘ಸರ್, ಬೇಸ್‌ಲೈನ್ ಪುಟಕ್ಕೆ ನೀವೇ ಸಹಿ ಹಾಕಿದ್ದೀರಿ.’ ಆಷಾಢದಲ್ಲಿ ಮದುವೆ ಇರಲ್ಲಪ್ಪ ಅಂದೆ. ‘ಕಾರ್ಯಕ್ರಮ ಎಷ್ಟು ಅನ್ನೋದು ಅಗ್ರಿಮೆಂಟ್‌ನಲ್ಲಿ ಬರಲ್ಲ ಸರ್.’ ಹಾಗಾದರೆ ಬರುವ ಮೇ ತಿಂಗಳಲ್ಲಿ 7,000 ಯೂನಿಟ್ ಆದರೆ ನೀವು ನಮಗೆ ವಾಪಸ್ ಕೊಡ್ತೀರಾ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ: ‘ಅಂಥ ತಿಂಗಳು ಸೊನ್ನೆ ಅಂತ ಹಿಡಿತೀವಿ ಸರ್.’ ಇಳಿದರೆ ಅವರಿಗೆ ಪಾಲು, ಏರಿದರೆ ಸೊನ್ನೆ. ದರ ಏರಿದರೆ? ಏರಿದ ದರದ ಮೇಲೆಯೇ ಅವರ ಪಾಲು. ದರದ ಭಯ ತೋರಿಸಿ ಸಹಿ ಹಾಕಿಸಿಕೊಂಡು, ಆ ಭಾರ ನಮ್ಮ ತಲೆ ಮೇಲೆಯೇ ಬಿಟ್ಟಿದ್ದಾರೆ.

ಅವರ ಮ್ಯಾನೇಜರ್ ಹತ್ತಿರ ಕೇಳಿದರೆ ‘ಸೀಸನ್ ಬಂದಾಗ ಬ್ಯಾಲೆನ್ಸ್ ಆಗುತ್ತೆ’ ಅಂತ ಸುಮ್ನೆ ಸಾಗಹಾಕಿದರು. ಸೀಸನ್‌ಗೆ ಸೊನ್ನೆ ಹಿಡಿದರೆ ಬ್ಯಾಲೆನ್ಸ್ ಹೇಗಾಗುತ್ತೆ? ಇದಕ್ಕೆ ಇವತ್ತಿನವರೆಗೆ ಉತ್ತರವಿಲ್ಲ. ಅಗ್ರಿಮೆಂಟ್ ಬಿಡ್ತೀವಿ ಅಂದರೆ ಸಾಮಾನಿನ ಪೂರ್ತಿ ಬೆಲೆ ಕಟ್ಟಬೇಕಂತೆ.

ಇಂಥವರು ಬಂದರೆ ಹನ್ನೆರಡು ತಿಂಗಳ ಬಿಲ್ ಇಟ್ಟು ಅದೇ ತಿಂಗಳಿಗೆ ಅದೇ ತಿಂಗಳು ಹೋಲಿಸಿ ಅನ್ನಿ. ಎಷ್ಟು ಮದುವೆ, ಎಷ್ಟು ರೂಮು ತುಂಬಿತ್ತು ಅನ್ನೋದೂ ಲೆಕ್ಕಕ್ಕೆ ಬರಲಿ. ಲೆಕ್ಕ ಯೂನಿಟ್‌ನಲ್ಲಿರಲಿ, ಫಿಕ್ಸೆಡ್ ಚಾರ್ಜ್ ಹೊರಗಿಡಿ. ಒಪ್ಪದಿದ್ದರೆ ಕಳಿಸಿಬಿಡಿ. ಫ್ಯಾನ್ ಬೇಕಾದರೆ ಅಂಗಡಿಯಲ್ಲೇ ಸಿಗುತ್ತೆ.

ಆಗಸ್ಟ್ ತಿಂಗಳ ಬಿಲ್ಲೂ ಕಳಿಸಿದ್ದಾರೆ. ಈ ಸಲ ಚೆಕ್ ಕೊಟ್ಟಿಲ್ಲ. ಮೂರು ವರ್ಷದ ಜೆಸ್ಕಾಂ ಬಿಲ್ಲು, ಹಾಲ್ ಬುಕಿಂಗ್ ಪುಸ್ತಕ ಎರಡನ್ನೂ ವಕೀಲರ ಹತ್ತಿರ ಇಟ್ಟು ಬಂದಿದ್ದೇನೆ.