ಡಿ'ಸೋಜ ಮತ್ತು 3/4" ಎಲ್ಬೋ: ಆಕ್ಸೆಸ್ ಜೊತೆ ಒಂಬತ್ತು ವರ್ಷ

ಮಂಗಳೂರಿನಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಗಿರಾಕಿಗಳ ಬಾಕಿ, ಸರಕಿನ ಪಟ್ಟಿ ಎರಡನ್ನೂ ಒಂಬತ್ತು ವರ್ಷಗಳಿಂದ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನಲ್ಲಿ ಇಟ್ಟಿದ್ದೇನೆ. ಫಾರ್ಮ್‌ಗಳನ್ನು ಕಟ್ಟಿದವನು ನಾನೇ. ಹಾಗಾಗಿ ಮುಂದಿನ ಪಜೀತಿಗಳಿಗೂ ನಾನೇ ಹೊಣೆ.

ಹೆಸರು ಟೈಪಿಸಿದರೆ ಬಾಕಿ ತೋರಿಸುವ ಫಾರ್ಮ್‌ನಲ್ಲಿ ಮೊದಲ ವಾರ ಶೆಟ್ಟರು, ಪೈಗಳು ಎಲ್ಲರೂ ಸಿಕ್ಕರು. ಡಿ'ಸೋಜರು ಬಂದ ದಿನ 3075 ಎಂಬ ದೋಷಸಂಖ್ಯೆ ಎದ್ದು ನಿಂತಿತು. ಟೇಬಲ್‌ನಿಂದ ಒಂದು ಮೌಲ್ಯವನ್ನು ಹುಡುಕಿ ತರುವ ಡಿಲುಕಪ್ (DLookup) ಎಂಬ ಫಂಕ್ಷನ್‌ಗೆ ಕೊಡುವ ಷರತ್ತಿನಲ್ಲಿ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದೆ. 'ಡಿ' ಆದ ಮೇಲಿನ ಚಿಹ್ನೆಯೇ ಹೆಸರಿನ ಕೊನೆ ಎಂದುಕೊಂಡ ಆಕ್ಸೆಸ್‌ಗೆ ಉಳಿದ 'ಸೋಜ' ಏನೆಂದು ತಿಳಿಯಲಿಲ್ಲ. ಸೋಜಿಗವೆಂದರೆ, ಅದೇ ಹೆಸರನ್ನು ಟೇಬಲ್‌ಗೆ ಸೇರಿಸುವಾಗ ಯಾವ ತಕರಾರೂ ಇರಲಿಲ್ಲ. ಕನ್ನಡದಲ್ಲಿ ಡಿಸೋಜ ಎಂದು ಬರೆದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಬಿಲ್ ಇಂಗ್ಲಿಷಿನದು, ಏನು ಮಾಡುವುದು!

ಜಾಣತನ ತೋರಿಸಲು ಹೋಗಿ ಜೋಡಿ ಉದ್ಧರಣ ಚಿಹ್ನೆಗೆ (") ಬದಲಾಯಿಸಿದೆ. ಆಕ್ಸೆಸ್‌ನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎಯಲ್ಲಿ ಅದನ್ನು ಬರೆಯಲು ನಾಲ್ಕು ನಾಲ್ಕು ಚಿಹ್ನೆಗಳು ಸಾಲಾಗಿ ನಿಂತು ಕಣ್ಣು ಕಟ್ಟುತ್ತವೆಂದು, ಅದೇ ಚಿಹ್ನೆಯನ್ನು ಕೊಡುವ ಸಿಎಚ್‌ಆರ್(34) ಬಳಸಿದೆ. ಡಿ'ಸಿಲ್ವ, ಡಿ'ಕುನ್ಹ ಎಲ್ಲರೂ ಸಿಕ್ಕರು. ಅದೇ ಉಪಾಯ ಸರಕಿನ ಫಾರ್ಮ್‌ನಲ್ಲಿ ಮುಗ್ಗರಿಸಿತು. ನಾವು 3/4" ಎಲ್ಬೋ, 1/2" ಪೈಪ್ ಎಂದೇ ಬರೆಯುವುದು; ಇಂಚಿನ ಗುರುತೂ ಅದೇ ಜೋಡಿ ಚಿಹ್ನೆ.

ಕೊನೆಗೆ ಕೈಹಿಡಿದದ್ದು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಇಡುವ ರಿಪ್ಲೇಸ್ ಫಂಕ್ಷನ್. ಹೊರಗೆ ಸುತ್ತಿದ ಚಿಹ್ನೆ ಯಾವುದೋ, ಒಳಗೆ ಬಂದ ಅದೇ ಚಿಹ್ನೆಯನ್ನು ಎರಡು ಮಾಡಬೇಕು. ಎರಡು ಒಟ್ಟಿಗೆ ಕಂಡರೆ ಆಕ್ಸೆಸ್ ಅದನ್ನು ಒಂದು ಅಕ್ಷರವೆಂದು ಓದುತ್ತದೆ. ಇದು ಹುಡುಕುವ ಷರತ್ತಿಗೆ ಮಾತ್ರ. ಒಮ್ಮೆ ಟೇಬಲ್‌ಗೆ ಸೇರಿಸುವಾಗಲೂ ಹಾಗೆ ಮಾಡಿ, ಬಿಲ್‌ನಲ್ಲಿ ಹೆಸರಿಗೆ ಎರಡು ಕೊಂಬು ಮೂಡಿ, ಗಿರಾಕಿ ನಕ್ಕುಬಿಟ್ಟರು. ಈಚಿನ ಫಾರ್ಮ್‌ಗಳಲ್ಲಿ ಪ್ಯಾರಾಮೀಟರ್ ಕ್ವೆರಿ (ಹುಡುಕುವ ಮೌಲ್ಯಕ್ಕೆ ಜಾಗ ಬಿಟ್ಟು ಬರೆದ ಪ್ರಶ್ನೆ) ಬಳಸುತ್ತೇನೆ. ಹೆಸರು ಷರತ್ತಿನೊಳಗೆ ಬೆರೆಯದೆ ಬೇರೆಯಾಗಿ ಹೋಗುವುದರಿಂದ ಚಿಹ್ನೆಗಳ ಗೊಡವೆಯೇ ಇಲ್ಲ. ಇದನ್ನು ಮೊದಲೇ ಕಲಿತಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ವರ್ಡ್‌ನಿಂದ ನಕಲಿಸಿ ತಂದ ಹೆಸರುಗಳದು ಇನ್ನೊಂದು ಕಾಟ. ಅಲ್ಲಿನ ಚಿಹ್ನೆ ಬಾಗಿರುತ್ತದೆ. ದೋಷವೇನೂ ಬರುವುದಿಲ್ಲ, ಗಿರಾಕಿಯೂ ಸಿಗುವುದಿಲ್ಲ. ಒಬ್ಬರಿಗೇ ಎರಡು ಖಾತೆ ತೆರೆದು, ಬಾಕಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಈಗ ಉಳಿಸುವ ಮೊದಲು ಬಾಗಿದ್ದನ್ನು ನೇರ ಮಾಡುವ ಒಂದು ಸಾಲು ಸೇರಿಸಿದ್ದೇನೆ.

ಫೈಲಿನ ಮಿತಿ 2 ಜಿಬಿ. ನಮ್ಮಂಥ ಅಂಗಡಿಗೆ ಧಾರಾಳ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟ ಒಂದು ಅಂಕ ಆ 3075ರ ಸಂದೇಶಕ್ಕೆ: ಆಪರೇಟರ್ ಕಾಣೆಯಾಗಿದೆ ಎನ್ನುತ್ತದೆ, ಅಲ್ಲಿ ಇದ್ದದ್ದು ಒಂದು ಚಿಹ್ನೆ ಹೆಚ್ಚು!