ಗೊರಚು ಮಣ್ಣಿನ ಅಂಗಳ: ಹುಲ್ಲು, ಗುಂಡಿ, ಕಟ್ಟೆ ಮೂರನ್ನೂ ಮಾಡಿ ನೋಡಿದೆ

ಹಾಸನದಲ್ಲಿ ಮನೆ ಕಟ್ಟಿಸಿದ ಮೇಲೆ ಗೇಟಿನಿಂದ ಬಾಗಿಲವರೆಗೆ 12 ಅಡಿ ಜಾಗ ಉಳಿಯಿತು. ಆದರೆ ಅಲ್ಲಿ ಗಿಡ ಬೆಳೆಯುವ ಮಣ್ಣೇ ಇರಲಿಲ್ಲ. ಪಾಯ ತೆಗೆದಾಗ ಅಡಿಯ ಗೊರಚು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಮೇಲೆ ಬಂದಿತ್ತು. ಅದರ ಮೇಲೆ ಜಲ್ಲಿ ಲಾರಿ, ಟ್ರ್ಯಾಕ್ಟರ್ ಓಡಾಡಿ ರಸ್ತೆ ಥರ ಗಟ್ಟಿಯಾಗಿತ್ತು. ಜೊತೆಗೆ ಗಾರೆಯ ಚೂರು, ಇಟ್ಟಿಗೆ ಪುಡಿ. ಪಿಕಾಸಿ ಹೊಡೆದರೆ ಠಣ್ ಅನ್ನುತ್ತಿತ್ತು.

ಏನು ಮಾಡಲಿ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು: ಹುಲ್ಲು ಹಾಸು, ಗುಂಡಿ ತೆಗೆದು ಗಿಡ ನೆಡು, ಕಟ್ಟೆ ಕಟ್ಟಿ ಮಣ್ಣು ತುಂಬು. ನಾನು ಅಂಗಳವನ್ನು ಮೂರು ಪಾಲು ಮಾಡಿ ಮೂರನ್ನೂ ಮಾಡಿದೆ. ಈಗ ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ.

ಮೊದಲು ಹುಲ್ಲು. ಗೊರಚಿನ ಮೇಲೆ 4 ಅಂಗುಲ ಕೆಮ್ಮಣ್ಣು ಹರಡಿ ಕಾರ್ಪೆಟ್ ಹುಲ್ಲು ಹಾಸಿದೆ. ಮಳೆಗಾಲದಲ್ಲಿ ಕಣ್ಣಿಗೆ ಹಬ್ಬ. ಮಾರ್ಚ್ ಬಂದರೆ ದಿನಕ್ಕೆರಡು ಸಲ ನೀರು ಕೇಳಿತು. ಯುಗಾದಿಗೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಪೂರ್ತಿ ಕಂದು. ಮೂಲೆ ಹಿಡಿದು ಎತ್ತಿದೆ, ಚಾಪೆ ಥರ ಎದ್ದು ಬಂತು. ಒಂದು ಬೇರೂ ಗೊರಚಿಗೆ ಇಳಿದಿರಲಿಲ್ಲ. ನೀರಿಗೆ ತೊಂದರೆ ಇಲ್ಲದವರು ಬೇಕಾದರೆ ಹಾಕಿಸಿ. ನನಗಂತೂ ಬೇಡ.

ಗುಂಡಿಯ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಜಾಸ್ತಿ ಜನ ಹೇಳಿದ್ದೂ ಅದನ್ನೇ. ಒಂದೂವರೆ ಅಡಿ ಗುಂಡಿ ತೆಗೆದು, ಒಳ್ಳೆ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ದಾಸವಾಳ, ಕಣಗಿಲೆ, ಕೇಪಳ ನೆಟ್ಟೆ. ನರ್ಸರಿಯಲ್ಲಿ ಕೇಪಳಕ್ಕೆ ಇಕ್ಸೋರ ಅಂತಾರೆ. ಜೂನ್‌ನಲ್ಲಿ ಚೆನ್ನಾಗಿ ಚಿಗುರಿದವು. ಪುನರ್ವಸು ಮಳೆ ಹಿಡಿದ ವಾರದಲ್ಲಿ ದಾಸವಾಳದ ಎಲೆ ಹಳದಿಯಾಗಿ ಉದುರತೊಡಗಿತು. ಪಕ್ಕದ ಮನೆ ಅಜ್ಜಿ ಬಂದು ನೋಡಿ, "ಗುಂಡಿ ಬಾವಿ ಆಗೈತೆ ಕಣ್ ಮಗ, ಬೇರು ಉಸಿರಾಡೋದು ಹೆಂಗೆ?" ಅಂದರು. ಗಿಡ ಕಿತ್ತರೆ ಬೇರು ಕಪ್ಪಗಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂತು, ಒಳಗೆ ದಾರದ ಹಾಗೆ ನಾರು ಮಾತ್ರ. ಚರಂಡಿ ವಾಸನೆ.

ಸಡಿಲ ಮಣ್ಣು ಸುತ್ತಲಿನ ನೀರನ್ನೆಲ್ಲ ಕುಡಿಯುತ್ತದೆ. ಗಟ್ಟಿ ಗೊರಚು ಅದನ್ನು ಹೊರಗೆ ಬಿಡಲ್ಲ. ಬಕೆಟ್‌ನಲ್ಲಿ ಗಿಡ ನೆಟ್ಟ ಹಾಗೆ. ಇದನ್ನು ಮೊದಲೇ ತಿಳಿಯಬಹುದಿತ್ತು. ಒಂದು ಅಡಿ ಗುಂಡಿ ತೆಗೆದು ಸಂಜೆ ನೀರು ತುಂಬಿಸಿಡಿ. ನಮ್ಮಲ್ಲಿ ಬೆಳಿಗ್ಗೆಯೂ ಅರ್ಧ ನೀರು ಹಾಗೇ ನಿಂತಿತ್ತು.

ಕೇಪಳದ ಕಥೆ ಬೇರೆ. ಅದು ಗೋಡೆ ಪಕ್ಕ, ದಿಬ್ಬದ ಮೇಲಿತ್ತು, ಬೇರು ಕೊಳೆಯಲಿಲ್ಲ. ಆದರೂ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಅಲ್ಲಿನ ಮಣ್ಣಿಗೆ ವಿನೆಗರ್ ಸುರಿದರೆ ಬುಸ್ ಅಂತ ನೊರೆ ಬಂತು. ಗಾರೆಯಲ್ಲಿ ಸುಣ್ಣದ ಅಂಶ ಇರುತ್ತದಲ್ವಾ, ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಕಣಗಿಲೆಗೆ ಮಾತ್ರ ಏನೂ ಆಗಲಿಲ್ಲ, ಈಗಲೂ ಅದೇ ಗುಂಡಿಯಲ್ಲಿ ಹೂ ಬಿಡುತ್ತಿದೆ. ಅದರ ಎಲೆ, ಕಡ್ಡಿ, ಹೂ ಎಲ್ಲ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಾಕಬೇಡಿ.

ಮೂರನೆಯದು ಕಟ್ಟೆ. ಗೊರಚನ್ನು ತೆಗೆಯದೆ, ಪಿಕಾಸಿಯಿಂದ ಅರ್ಧ ಅಡಿ ಸುಮ್ನೆ ಒಡೆದು ಸಡಿಲ ಮಾಡಿದೆ. ಗಾರೆ ಚೂರು ಆರಿಸಿ ಎಸೆದೆ. ಸುತ್ತ ಒಂದೂಕಾಲು ಅಡಿ ಎತ್ತರಕ್ಕೆ ಸೈಜುಗಲ್ಲು ಜೋಡಿಸಿದೆ. ಸಿಮೆಂಟ್ ಹಾಕಲಿಲ್ಲ. ಸಂದಿಯಲ್ಲಿ ನೀರು ಇಳಿದು ಹೋಗಲಿ, ಸುಣ್ಣದ ಕಾಟವೂ ಬೇಡ ಅಂತ. ಒಂದು ತುದಿಗೆ ಬರೀ ಕೆರೆ ಗೋಡು, ಅಂದರೆ ಕೆರೆಯ ಹೂಳು, ತುಂಬಿಸಿದ್ದು ತಪ್ಪಾಯಿತು. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು. ಉಳಿದ ಕಡೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೋಡು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿದ್ದೆ. ಅದು ಬಿರುಕು ಬಿಡಲಿಲ್ಲ. ಮೇಲೆ ಕಾಫಿ ಹೊಟ್ಟು ಹರಡಿದೆ. ಹಸಿ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ, ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಅದೇ ಹೀರುತ್ತದೆ.

ಖರ್ಚು ಗುಂಡಿಗಿಂತ ಜಾಸ್ತಿ ಬಂತು, ಕಲ್ಲಿನದೇ ದೊಡ್ಡ ಪಾಲು. ವರ್ಷಕ್ಕೆ ನಾಲ್ಕು ಬೆರಳು ಮಣ್ಣು ಕುಸಿಯುತ್ತದೆ, ಮತ್ತೆ ತುಂಬಬೇಕು. ಆದರೆ ಹೊಸದಾಗಿ ತಂದು ನೆಟ್ಟ ದಾಸವಾಳ ಈಗ ನನ್ನ ಎದೆಮಟ್ಟ ಬಂದಿದೆ. ಬೇಸಿಗೆಯಲ್ಲೂ ಮೂರು ದಿನಕ್ಕೊಮ್ಮೆ ನೀರು ಸಾಕು. ಕೇಪಳವನ್ನೂ ಕಿತ್ತು ಇಲ್ಲಿಗೇ ತಂದೆ. ಹಳೇ ಎಲೆ ಹಳದಿಯಾಗೇ ಉಳಿದವು, ಆಮೇಲೆ ಬಂದ ಚಿಗುರು ಪೂರ್ತಿ ಹಸಿರು. ಹುಲ್ಲಿದ್ದ ಜಾಗಕ್ಕೂ ಕಲ್ಲು ತರಿಸಿದ್ದೇನೆ. ಮುಂಗಾರು ಹಿಡಿಯುವ ಮೊದಲೇ ಅಲ್ಲೂ ಕಟ್ಟೆ ಕಟ್ಟಿ ಮುಗಿಸಬೇಕು.