ಎ.ಎ. ಮೀಟಿಂಗಿಗೆ ಫೀಸು ಇಲ್ಲ, ಇಲ್ಲ, ಇಲ್ಲ

ಮೊದಲೇ ಹೇಳಿಬಿಡ್ತೀನಿ. ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಅಂದ್ರೆ ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಜನರ ಗುಂಪು. ಅದರ ಮೀಟಿಂಗಿಗೆ ಫೀಸು ಇಲ್ಲ. ಮೆಂಬರ್‌ಶಿಪ್ ಫಾರಂ ಇಲ್ಲ, ಆಧಾರ್ ಕಾರ್ಡ್ ಯಾರೂ ಕೇಳಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ರೆ ಸಾಕು, ಒಳಗೆ ಹೋಗಿ ಕೂತ್ಕೋಬಹುದು. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ 3,500 ರೂಪಾಯಿ ಫೋನ್‌ಪೇ ಮಾಡಿದ್ವಿ. ಹಗಲು ಕಂಡ ಬಾವಿಗೆ ಇರುಳಲ್ಲಿ ಬೀಳೋದು ಅಂದ್ರೆ ಇದೇ.

ಭಾವನಿಗೆ ಅವರ ಊರ ಹತ್ತಿರ ಕನ್ನಡ ಮೀಟಿಂಗ್ ಬೇಕಿತ್ತು. ಫೋನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ನಂಬರು, ಹೆಸರಲ್ಲೇ ‘ಎ.ಎ.’ ಅಂತ ಬೇರೆ. ಒಂದೇ ರಿಂಗಿಗೆ ಎತ್ತಿದ. ಮೊದಲ ಪ್ರಶ್ನೆ ವಯಸ್ಸು, ಎರಡನೇದು ಕೆಲಸ, ಮೂರನೇದು: ‘ಮನೆ ಸ್ವಂತದ್ದಾ ಸರ್?’ ಅಲ್ಲೇ ಫೋನ್ ಇಡಬೇಕಿತ್ತು. ಇಡಲಿಲ್ಲ. ‘ಗ್ರೂಪ್ ಮೆಂಬರ್‌ಶಿಪ್ ಮೂರೂವರೆ ಸಾವಿರ, ಕೌನ್ಸೆಲಿಂಗ್ ಸೇರಿ’ ಅಂದ. ಕಟ್ಟಿದ್ವಿ.

ದುಡ್ಡು ಹೋದ ಮೇಲೆ ಮಾತು ತಿರುಗಿತು. ‘ಮೀಟಿಂಗ್ ನಮ್ಮ ಕುಡಿತ ಬಿಡಿಸೋ ಸೆಂಟರ್ ಒಳಗೇ ಸರ್, 90 ದಿನ ಅಡ್ಮಿಷನ್ ಆದವರಿಗೆ ಮಾತ್ರ. ನಿಮ್ಮ ಭಾವನಿಗೆ ಹೇಳ್ಬೇಡಿ, ಕರ್ಕೊಂಡು ಬರೋಕೆ ರಾತ್ರಿ ನಾಲ್ಕು ಜನ ಹುಡುಗರನ್ನ ಕಳಿಸ್ತೀವಿ. ಗಾಡಿ ಚಾರ್ಜ್ ಬೇರೆ.’

ಆಗ ಕೇಳಿದೆ: ‘ಏಳನೇ ಸಂಪ್ರದಾಯ ಏನು ಹೇಳಿ?’

‘ಸಂಪ್ರದಾಯ ಎಲ್ಲಾ ಇದೆ ಸರ್. ಬೆಳಿಗ್ಗೆ ಭಜನೆ, ಯೋಗ, ಎಲ್ಲಾ ಮಾಡಿಸ್ತೀವಿ.’

ಹೊಟ್ಟೆ ಉರಿದುಹೋಯ್ತು. ನಗುನೂ ಬಂತು. ಎ.ಎ.ಯ ಹನ್ನೆರಡು ಸಂಪ್ರದಾಯಗಳು, ಅಂದ್ರೆ ಗುಂಪುಗಳು ಹೇಗೆ ನಡೀಬೇಕು ಅನ್ನೋ ಸೂತ್ರಗಳು, 1950ರಲ್ಲೇ ಒಪ್ಪಿಗೆಯಾಗಿದ್ದು. ಏಳನೇದು: ಗುಂಪಿನ ಖರ್ಚು ಸದಸ್ಯರ ಕೈಯಿಂದಲೇ, ಹೊರಗಿನವರ ದುಡ್ಡು ಮುಟ್ಟೋ ಹಾಗಿಲ್ಲ. ಮೀಟಿಂಗ್ ಮಧ್ಯೆ ಒಂದು ಚೀಲ ಕೈಯಿಂದ ಕೈಗೆ ಬರುತ್ತೆ, ಒಬ್ಬರು ಹತ್ತು ಹಾಕ್ತಾರೆ, ಒಬ್ಬರು ಇಪ್ಪತ್ತು. ಹೊಸಬರು ಜೇಬಿಗೆ ಕೈ ಹಾಕಿದ್ರೆ ಪಕ್ಕದವರೇ ‘ಇವತ್ತು ನೀವು ಹಾಕ್ಬೇಡಿ’ ಅಂತಾರೆ. ರೂಮಿನ ಬಾಡಿಗೆ, ಟೀ ಖರ್ಚು ಅದರಲ್ಲೇ. ಆರನೇದು: ಎ.ಎ. ಹೆಸರನ್ನ ಯಾವ ಆಸ್ಪತ್ರೆಗೂ ಸೆಂಟರಿಗೂ ಕೊಡಲ್ಲ. ಸೆಂಟರುಗಳ ಒಳಗೂ ಸದಸ್ಯರು ಹೋಗಿ ಮೀಟಿಂಗ್ ನಡೆಸ್ತಾರೆ, ನಿಜ. ಆದ್ರೆ ಅದಕ್ಕೂ ದುಡ್ಡಿಲ್ಲ.

ವಾಪಸ್ ಕೊಡಿ ಅಂದಾಗ ಬಂದ ಉತ್ತರಗಳು, ಒಂದೊಂದಾಗಿ. ‘ಅದು ಫೈಲ್ ಚಾರ್ಜ್.’ ‘ನಿಮಗೆ ಭಾವ ಮುಖ್ಯನಾ, ದುಡ್ಡು ಮುಖ್ಯನಾ?’ ಸೆಂಟರಿನ ಲೈಸೆನ್ಸ್ ನಂಬರ್ ಕೇಳಿದ್ರೆ ‘ಬಂದಾಗ ತೋರಿಸ್ತೀವಿ.’ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದ ಚಟಕ್ಕೆ ಜನರನ್ನ ಇಟ್ಟುಕೊಂಡು ಚಿಕಿತ್ಸೆ ಕೊಡೋ ಜಾಗ ನೋಂದಣಿ ಆಗಿರಲೇಬೇಕು. ಆ ನಂಬರು ಹೇಳೋಕೆ ಬರಲ್ಲ, ಭಾವ ಮುಖ್ಯನಾ ಅಂತ ಕೇಳೋಕೆ ಬರುತ್ತೆ.

ಕೊನೆಗೆ ಇನ್ನೊಂದು ಬಾಣ: ‘ಅಡ್ಮಿಷನ್ ಬೇಡ ಅಂದ್ರೆ ಸಾಂಬಾರಲ್ಲಿ ಹಾಕೋ ಪುಡಿ ಇದೆ, ಗೊತ್ತೇ ಆಗಲ್ಲ.’ ಇದನ್ನ ದಯವಿಟ್ಟು ಯಾರೂ ಮಾಡ್ಬೇಡಿ. ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್‌ನಂಥ ಔಷಧ ಹೊಟ್ಟೇಲಿದ್ದಾಗ ಕುಡಿದ್ರೆ ಮುಖ ಕೆಂಪಾಗುತ್ತೆ, ವಾಂತಿ, ಎದೆ ಡವಡವ, ಬಿಪಿ ಕುಸಿಯುತ್ತೆ, ಜೀವಕ್ಕೇ ಅಪಾಯ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಡಾಕ್ಟರು ರೋಗಿಗೆ ಹೇಳಿ, ಒಪ್ಪಿಸಿ ಕೊಡೋ ಮಾತ್ರೆ ಅದು.

ಸರಿಯಾದ ಮೀಟಿಂಗ್ ಹುಡುಕೋರಿಗೆ. ‘ಓಪನ್’ ಅಂದ್ರೆ ಮನೆಯವರೂ ಕೂರಬಹುದು, ‘ಕ್ಲೋಸ್ಡ್’ ಅಂದ್ರೆ ಕುಡಿತದ ಸಮಸ್ಯೆ ಇರೋರು ಮಾತ್ರ. ಹೋಗೋ ಮುಂಚೆ ಇದನ್ನ ಕೇಳ್ಕೊಳ್ಳಿ, ಇಲ್ಲಾಂದ್ರೆ ಹೆಂಡತಿ ಒಂದೂವರೆ ಗಂಟೆ ಗೇಟ್ ಹತ್ತಿರ ನಿಂತಿರಬೇಕಾಗುತ್ತೆ. ಭಾಷೆ ಕೇಳಿ. ಬೆಂಗಳೂರಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬೇರೆ ಬೇರೆ ಗುಂಪುಗಳಿವೆ, ಅರ್ಥವಾಗದ ಭಾಷೇಲಿ ಕೂತವನು ಎರಡನೇ ಸಲ ಬರಲ್ಲ. ಚರ್ಚ್ ಹಾಲಲ್ಲಿ ನಡೆಯುತ್ತೆ ಅಂತ ಗಾಬರಿ ಬೇಡ, ಅದು ಬಾಡಿಗೆ ಜಾಗ ಅಷ್ಟೇ. ಹಬ್ಬದ ದಿನ ಜಾಗ ಬದಲಾಗಿರಬಹುದು, ಹೊರಡೋ ಮುಂಚೆ ಒಂದು ಫೋನ್ ಮಾಡಿ. ಒಂದು ಗುಂಪು ಹಿಡಿಸಲಿಲ್ಲ ಅಂತ ಬಿಡಬೇಡಿ, ಮೂರ್ನಾಲ್ಕು ಗುಂಪು ನೋಡಿ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಇದೆ, 1951ರಿಂದ.

ದಿನಾ ಜಾಸ್ತಿ ಕುಡಿಯೋರನ್ನ ಮಾತ್ರ ಒಂದೇ ಏಟಿಗೆ ನಿಲ್ಲಿಸಿ ಮೀಟಿಂಗಿಗೆ ಕೂರಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ, ಬಡಬಡಿಕೆ. ಅದಕ್ಕೆ ಆಸ್ಪತ್ರೆಯೇ ಬೇಕು. ಎಲ್ಲಿಗೆ ಹೋಗ್ಬೇಕು ಅಂತ ತಿಳಿಯದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ದುಡ್ಡಿನ ಬಗ್ಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೀವಿ, ಸ್ಕ್ರೀನ್‌ಶಾಟ್ ಎಲ್ಲಾ ಇದೆ. ಅದನ್ನ ಹೇಳಿದ್ದಕ್ಕೆ ಅವನ ಕಡೇ ಮೆಸೇಜು: ‘ಓಕೆ ಸರ್, ಈ ತಿಂಗಳು ಡಿಸ್ಕೌಂಟ್ ಇದೆ, ಯೋಚನೆ ಮಾಡಿ.’